ಒಪ್ಪಿಗೆ ಕೇಳುವ ಹೊತ್ತು

ಫೋಟೋ ಸ್ಟುಡಿಯೋ ಎಂದ ಕೂಡಲೇ ಒಂದು ಗಾಜಿನ ಕಪಾಟು ಕಣ್ಣಮುಂದೆ ಬರುತ್ತಿದ್ದ ಕಾಲವೊಂದಿತ್ತು. ಯಾವ ತಾಲ್ಲೂಕು ಕೇಂದ್ರದ ಪೇಟೆ ಬೀದಿಗೆ ಹೋದರೂ ಸ್ಟುಡಿಯೋದ ಬಾಗಿಲ ಪಕ್ಕದಲ್ಲಿ ಅಂಥದೊಂದು ಕಪಾಟು ಇದ್ದೇ ಇರುತ್ತಿತ್ತು. ಅದರೊಳಗೆ ಬೋರಲು ಮಲಗಿ ತಲೆಯೆತ್ತಿದ ಮಗು, ಮೊಗ್ಗಿನ ಜಡೆ ಕಾಣುವಂತೆ ಕನ್ನಡಿಗೆ ಬೆನ್ನು ಮಾಡಿ ನಿಂತ ಹುಡುಗಿ, ಮೈಮುದುಡಿ ಕೂತ ಹೊಸ ಗಂಡ ಹೆಂಡತಿ, ಬಾಡಿಗೆಯ ಕಪ್ಪು ಗೌನು ತೊಟ್ಟ ಪದವೀಧರ. ಬಸ್ಸಿಗೆ ಕಾಯುವವರೆಲ್ಲ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ‘ಇವಳು ಪೋಸ್ಟ್‌ಮಾಸ್ಟರ ಎರಡನೇ ಮಗಳಲ್ಲವಾ?’ ಎಂದು ಗುರುತು ಹಿಡಿಯುತ್ತಿದ್ದರು. ಆ ಹುಡುಗಿಗೆ ಮದುವೆಯಾಗಿ ಎರಡು ಮಕ್ಕಳಾದರೂ ಕಪಾಟಿನ ಮೊಗ್ಗಿನ ಜಡೆ ಬಾಡುತ್ತಿರಲಿಲ್ಲ, ಬಿಸಿಲಿಗೆ ಹಳದಿಯಾಗುತ್ತಿತ್ತು ಅಷ್ಟೆ.

ಅವಳನ್ನು ಕೇಳಿ ಅಲ್ಲಿ ಇಟ್ಟಿದ್ದರೇ? ಖಂಡಿತ ಇಲ್ಲ. ಕೇಳಬೇಕೆಂಬುದು ಸ್ಟುಡಿಯೋದವರಿಗೂ ಹೊಳೆದಿರಲಿಲ್ಲ, ಅವಳ ಮನೆಯವರಿಗೂ ಹೊಳೆದಿರಲಿಲ್ಲ. ಕೆಲವರಿಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು. ಇನ್ನು ಕೆಲವು ತಂದೆಯರು ಮಾತ್ರ ಕೆಂಡಾಮಂಡಲವಾಗಿ ಹೋಗಿ, ಕಪಾಟಿನ ಬೀಗ ತೆಗೆಸಿ, ಫೋಟೋ ಕಿತ್ತುಕೊಂಡು ಬರುತ್ತಿದ್ದರು. ಒಂದೇ ಪ್ರತಿ. ಕಿತ್ತರೆ ಅಲ್ಲಿಗೆ ಮುಗಿಯಿತು.

ಈಗ ಆ ಗಾಜಿನ ಕಪಾಟು ಎಲ್ಲರ ಅಂಗೈಗೆ ಬಂದಿದೆ. ನಮ್ಮಂಥ ಸಣ್ಣ ಊರುಗಳಲ್ಲೂ ವ್ಯಾಪಾರವೆಂದರೆ ಮಳಿಗೆ, ಮುಂಗಡ, ಬೋರ್ಡು ಎನ್ನುವ ಕಾಲ ಹೋಯಿತು. ಬ್ಲೌಸು ಹೊಲಿಯುವಾಕೆ, ಮನೆಯಲ್ಲೇ ಸೀರೆ ಮಾರುವಾಕೆ, ಹಪ್ಪಳ ಸಂಡಿಗೆ ಮಾಡಿಕೊಡುವ ಅತ್ತೆ ಸೊಸೆ, ಮದುಮಗಳಿಗೆ ಅಲಂಕಾರ ಮಾಡುವಾಕೆ, ಟ್ಯೂಷನ್ನಿನ ಮೇಷ್ಟ್ರು, ಹಲ್ಲಿನ ಡಾಕ್ಟರು ಎಲ್ಲರೂ ವಾಟ್ಸಾಪಿನ ಸ್ಟೇಟಸ್ಸಿನಲ್ಲಿ, ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿ ತೆರೆದಿದ್ದಾರೆ. ಅಂಗಡಿ ಅಂದಮೇಲೆ ತೋರಿಸುವುದಕ್ಕೆ ಏನಾದರೂ ಬೇಕಲ್ಲ. ಹಪ್ಪಳವನ್ನಾದರೆ ಹಪ್ಪಳವಾಗಿಯೇ ತೋರಿಸಬಹುದು. ಆದರೆ ಅಲಂಕಾರವನ್ನು, ಹೊಲಿಗೆಯನ್ನು, ಹಲ್ಲನ್ನು, ಪರೀಕ್ಷೆಯ ಅಂಕವನ್ನು ಒಬ್ಬ ಮನುಷ್ಯರ ಮುಖವಿಲ್ಲದೆ ತೋರಿಸುವುದು ಹೇಗೆ? ಹೀಗೆ ಗಿರಾಕಿಯ ಮುಖವೇ ಅಂಗಡಿಯ ಬೋರ್ಡಾಗಿದೆ. ಆ ಬೋರ್ಡಿಗೆ ಬಾಡಿಗೆ ಕೊಡಬೇಕೋ ಬೇಡವೋ, ಒಪ್ಪಿಗೆ ಪಡೆಯಬೇಕೋ ಬೇಡವೋ, ಪಡೆಯುವುದಾದರೆ ಯಾವಾಗ ಪಡೆಯಬೇಕು ಎನ್ನುವ ಪ್ರಶ್ನೆ ಈಚೆಗೆ ನನ್ನನ್ನು ಬಹಳ ಕಾಡಿದೆ. ಕಾಡಿದ್ದಕ್ಕೆ ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ದೊಡ್ಡಪ್ಪನ ಮಗ ವಕೀಲ. ಹಬ್ಬಕ್ಕೆ ಬಂದಾಗ ಅವನನ್ನು ಹಿಡಿದು ಕೂರಿಸಿ ಕೇಳಿದೆ: ‘ಅಣ್ಣಾ, ಫೋಟೋ ಯಾರದಪ್ಪಾ?’ ಅವನು ಹೋಳಿಗೆ ಮುರಿಯುತ್ತ, ‘ಯಾವ ಫೋಟೋ, ಯಾರು ದುಡ್ಡು ಕೊಟ್ಟರು, ಮೊದಲು ಅದು ಹೇಳು’ ಎಂದ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಫೋಟೋ ಅದನ್ನು ತೆಗೆದವರದು. ಆದರೆ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದಾಗುತ್ತದೆ. ಅಂದರೆ ಮದುವೆಯ ಆಲ್ಬಮ್ಮು, ಫೋಟೋದವನಿಗೆ ಹಣ ಎಣಿಸಿಕೊಟ್ಟ ಹುಡುಗಿಯ ತಂದೆಯದು! ಅದೇ ಹುಡುಗಿಯ ಚಿತ್ರವನ್ನು ಪಾರ್ಲರಿನಾಕೆ ತನ್ನ ಮೊಬೈಲಿನಲ್ಲಿ ತನ್ನ ಖುಷಿಗೆ ತೆಗೆದರೆ ಆ ಚಿತ್ರ ಪಾರ್ಲರಿನಾಕೆಯದು. ಇಷ್ಟು ಲೆಕ್ಕದಲ್ಲಿ ಮದುಮಗಳು ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ತೆಗೆದವರಿಗೆ ಹಕ್ಕು, ಹಣ ಕೊಟ್ಟವರಿಗೆ ಹಕ್ಕು. ಮುಖ ಯಾರದೋ ಅವರ ಮಾತೇ ಆ ಲೆಕ್ಕದಲ್ಲಿ ಇಲ್ಲ. ಚಿತ್ರ ಬೇರೆ, ಮುಖ ಬೇರೆ ಎಂಬ ಈ ಭೇದ ತಿಳಿಯದೆ ಎಷ್ಟೋ ವ್ಯಾಪಾರಿಗಳು ‘ಫೋಟೋ ನಾನೇ ತೆಗೆದದ್ದು, ಹಾಕಿಕೊಂಡರೆ ತಪ್ಪೇನು?’ ಎಂದು ವಾದಿಸುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ.

ಉಳಿದ ಅರ್ಧಕ್ಕಾಗಿ ಒಬ್ಬ ಹುಡುಗಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಕೋರ್ಟಿನ ಮೆಟ್ಟಿಲು ಹತ್ತಿದ್ದಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರಾಚೆಸ್ಟರ್ ಎಂಬ ಊರು. ಅಲ್ಲಿಯ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಫೋಟೋವನ್ನು ಗಿರಣಿಯ ಕಂಪನಿಯೊಂದು ತನ್ನ ಹಿಟ್ಟಿನ ಜಾಹೀರಾತಿಗೆ ಬಳಸಿತು. ಅವಳನ್ನೂ ಕೇಳಲಿಲ್ಲ, ಮನೆಯವರನ್ನೂ ಕೇಳಲಿಲ್ಲ. ಸುಮಾರು 25,000 ಪ್ರತಿ ಅಚ್ಚಾಗಿ ಅಂಗಡಿ, ಉಗ್ರಾಣ, ಹೆಂಡದಂಗಡಿಗಳ ಗೋಡೆಗೆಲ್ಲ ಅವಳು ಅಂಟಿಕೊಂಡಳು. ಇಂಗ್ಲಿಷಿನಲ್ಲಿ ಹಿಟ್ಟಿಗೂ ಹೂವಿಗೂ ಉಚ್ಚಾರ ಒಂದೇ ಅಲ್ಲವೇ, ಆ ಶ್ಲೇಷೆಯನ್ನು ಹಿಡಿದು ‘ಮನೆತನದ ಹೂವು’ ಎಂಬಂಥ ಚಮತ್ಕಾರದ ಮಾತನ್ನೂ ಮೇಲೆ ಬರೆದಿದ್ದರು. ಗುರುತಿನವರು ಕಂಡು ನಕ್ಕರು. ಹುಡುಗಿ ಅವಮಾನದಿಂದ ಹಾಸಿಗೆ ಹಿಡಿದಳು, ವೈದ್ಯರನ್ನು ಕರೆಸಬೇಕಾಯಿತು. ದಾವೆ ಹೂಡಿದಾಗ ಎದುರಾಳಿಗಳ ವಾದ ಏನಿದ್ದೀತು, ನೀವೇ ಊಹಿಸಬಲ್ಲಿರಿ. ಚಿತ್ರ ಚೆನ್ನಾಗಿಯೇ ಇದೆಯಲ್ಲ! ಅದರಲ್ಲಿ ಕೆಟ್ಟದ್ದೇನಿದೆ?

1902ರಲ್ಲಿ ಅಲ್ಲಿಯ ಉನ್ನತ ನ್ಯಾಯಾಲಯ ನಾಲ್ಕು ಮತ್ತು ಮೂರರ ಬಹುಮತದಿಂದ ಅವಳ ದಾವೆಯನ್ನು ತಳ್ಳಿಹಾಕಿತು. ಹೀಗೊಂದು ಹಕ್ಕು ಕಾನೂನಿನಲ್ಲಿ ಈವರೆಗೆ ಇಲ್ಲ, ಬೇಕಾದರೆ ಶಾಸನಸಭೆ ಮಾಡಲಿ ಎಂದಿತು. ಜನ ಎಷ್ಟು ಕೆರಳಿದರೆಂದರೆ ಮರುವರ್ಷವೇ, 1903ರಲ್ಲಿ, ಆ ರಾಜ್ಯದ ಶಾಸನಸಭೆ ಕಾಯಿದೆಯನ್ನೇ ಮಾಡಿತು. ಜೀವಂತ ವ್ಯಕ್ತಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಬರವಣಿಗೆಯ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು. ಈ ಕಥೆಗೊಂದು ಬಾಲವೂ ಇದೆ. ಆ ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ಆಲ್ಟನ್ ಪಾರ್ಕರ್ ಎರಡು ವರ್ಷಗಳ ಮೇಲೆ ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆಗೆ ನಿಂತ. ಪತ್ರಿಕೆಯ ಛಾಯಾಗ್ರಾಹಕರು ಹೊತ್ತುಗೊತ್ತಿಲ್ಲದೆ ಮನೆಯವರ ಚಿತ್ರ ತೆಗೆಯುತ್ತಾರೆ, ನನಗೂ ಸ್ವಲ್ಪ ಏಕಾಂತ ಬೇಡವೇ ಎಂದು ಗೊಣಗಿದ. ರಾಬರ್ಸನ್ ಅವನಿಗೊಂದು ಬಹಿರಂಗ ಪತ್ರ ಬರೆದಳು. ಅಂಥ ಹಕ್ಕು ಇಲ್ಲವೆಂದು ನೀವೇ ತೀರ್ಪು ಕೊಟ್ಟಿದ್ದೀರಲ್ಲ ಸ್ವಾಮೀ, ಎಂಬುದು ಪತ್ರದ ತಾತ್ಪರ್ಯ. ಇದನ್ನು ಓದಿದ ದಿನ ನಾನೊಬ್ಬಳೇ ಕೂತು ನಕ್ಕೆ.

ನಮ್ಮ ದೇಶದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು, ತಮಿಳುನಾಡಿನ ಪತ್ರಿಕೆಯೊಂದರ ಮೊಕದ್ದಮೆಯಲ್ಲಿ, ಒಬ್ಬರ ಹೆಸರನ್ನಾಗಲಿ ರೂಪವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಭಂಗ ಎಂದು ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡರು. ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದಾದ ವಯಸ್ಸಿನಲ್ಲಿ ಇಡೀ ದೇಶದ ಹೆಣ್ಣುಮಕ್ಕಳ ಮುಖಕ್ಕೂ ಒಂದು ಬೇಲಿ ಹಾಕಿಸಿಕೊಟ್ಟ ಹಿರಿಯರು ಎಂದು ನಾನು ಅವರನ್ನು ನೆನೆಯುತ್ತೇನೆ.

ಹಾಗಾದರೆ ಪ್ರಶ್ನೆ ಬಗೆಹರಿಯಿತಲ್ಲ, ಕೇಳಿ ಹಾಕಿದರಾಯಿತು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಯಾರನ್ನು ಕೇಳುವುದು ಎಂಬಲ್ಲಿಂದಲೇ ತೊಡಕು ಶುರುವಾಗುತ್ತದೆ. 2007ರಲ್ಲಿ ಆಸ್ಟ್ರೇಲಿಯದ ವರ್ಜಿನ್ ಮೊಬೈಲ್ ಕಂಪನಿ ಅಮೆರಿಕದ ಡಲ್ಲಾಸಿನ ಒಬ್ಬ ಹದಿಹರೆಯದ ಹುಡುಗಿಯ ಚಿತ್ರವನ್ನು ಬಸ್ ನಿಲ್ದಾಣದ ಜಾಹೀರಾತಿಗೆ ಹಾಕಿತು. ಪತ್ರಮಿತ್ರರನ್ನು ಕೈಬಿಡಿ, ಮೊಬೈಲು ಹಿಡಿಯಿರಿ ಎಂಬರ್ಥದ ಹಾಸ್ಯ ಅದರಲ್ಲಿ. ಅಂದರೆ ಕೈಬಿಡಬೇಕಾದ ಪೆದ್ದು ಗೆಳತಿ ಈ ಹುಡುಗಿ. ಚಿತ್ರ ತೆಗೆದವರು ಅವಳ ಚರ್ಚಿಗೆ ಸೇರಿದವರೊಬ್ಬರು. ಯಾರು ಬೇಕಾದರೂ ಬಳಸಬಹುದು ಎಂಬ ಪರವಾನಗಿಯೊಂದಿಗೆ ಫ್ಲಿಕರ್ ಎಂಬ ಜಾಲತಾಣದಲ್ಲಿ ಅವರು ಅದನ್ನು ಇಟ್ಟಿದ್ದರು. ಚಿತ್ರಕ್ಕೆ ಅನುಮತಿ ಇತ್ತು, ಮುಖಕ್ಕೆ ಇರಲಿಲ್ಲ. ಮನೆಯವರು ದಾವೆ ಹೂಡಿದರು. ಆಸ್ಟ್ರೇಲಿಯದ ಕಂಪನಿಯ ಮೇಲೆ ವಿಚಾರಣೆ ನಡೆಸುವ ಅಧಿಕಾರ ತನಗಿಲ್ಲ ಎಂದು ಟೆಕ್ಸಸ್ಸಿನ ಕೋರ್ಟು 2009ರಲ್ಲಿ ಅದನ್ನು ಮುಗಿಸಿಬಿಟ್ಟಿತು. ಸಮುದ್ರದಾಚೆಯ ಊರಿನ ಬಸ್ ನಿಲ್ದಾಣಕ್ಕೆ ಯಾವ ತಂದೆ ತಾನೇ ಹೋಗಿ ಗಾಜಿನ ಬೀಗ ತೆಗೆಸಿಯಾನು!

ಈಗ ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ. ಇಬ್ಬರೂ ನನ್ನ ವಿದ್ಯಾರ್ಥಿನಿಯರು, ಬೇರೆ ಬೇರೆ ವರ್ಷದವರು. ದೊಡ್ಡವಳು ಎಸ್.ಎಸ್.ಎಲ್.ಸಿ. ಆದ ಮೇಲೆ ಓದು ಬಿಟ್ಟು, ಬೆಂಗಳೂರಿನಲ್ಲಿ ಅಲಂಕಾರದ ಕೆಲಸ ಕಲಿತು ಬಂದು ಊರಿನಲ್ಲಿ ಪಾರ್ಲರು ಇಟ್ಟವಳು. ಗಂಡನ ದುಡಿಮೆ ಅಷ್ಟಕ್ಕಷ್ಟೆ. ಎರಡು ಮಕ್ಕಳ ಶಾಲೆಯ ಫೀಜು, ಅತ್ತೆಯ ಔಷಧಿ ಎಲ್ಲ ಇವಳ ಕೈಚಳಕದಿಂದಲೇ ನಡೆಯಬೇಕು. ಚಿಕ್ಕವಳು ಎಂ.ಕಾಂ. ಮಾಡಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು. ಅವಳ ಮದುವೆಗೆ ಇವಳದೇ ಅಲಂಕಾರ. ಹುಡುಗಿಗೆ ಕೆನ್ನೆಯ ಮೇಲೆ ಭಂಗು, ಗಲ್ಲದ ಹತ್ತಿರ ಹಳೆಯ ಮೊಡವೆಯ ಕಲೆ. ಇವಳ ಕೈ ಹರಿದ ಮೇಲೆ ಅವೆಲ್ಲ ಎಲ್ಲಿ ಹೋದವೋ! ನಾನೇ ಮದುವೆಗೆ ಹೋಗಿ ನೋಡಿದ್ದೇನೆ, ದೇವರಂತೆ ಕಾಣುತ್ತಿದ್ದಳು.

ಮದುವೆಯಾದ ನಾಲ್ಕನೇ ದಿನ ಪಾರ್ಲರಿನ ಪುಟದಲ್ಲಿ ಅಕ್ಕಪಕ್ಕ ಎರಡು ಚಿತ್ರ ಬಂತು. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ಎಡಗಡೆಯದು ಎಣ್ಣೆ ಕಟ್ಟಿದ ಕೂದಲು, ನಿದ್ದೆಗೆಟ್ಟ ಕಣ್ಣು, ಭಂಗು ಎದ್ದು ಕಾಣುವಂತೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದದ್ದು. ಗಂಡನ ಮನೆಯ ಕಡೆಯವರೆಲ್ಲ ನೋಡಿದರು. ‘ಹುಡುಗಿ ತೋರಿಸುವಾಗ ಇದನ್ನೆಲ್ಲ ಮುಚ್ಚಿಟ್ಟಿದ್ರಾ’ ಎಂದು ಗಂಡನ ಸೋದರತ್ತೆ ಒಬ್ಬರು ಫೋನು ಮಾಡಿ ಕೇಳಿದರಂತೆ. ಚಿಕ್ಕವಳು ಅತ್ತುಕೊಂಡು ಪಾರ್ಲರಿಗೆ ಫೋನು ಮಾಡಿದಳು. ಪಾರ್ಲರಿನಾಕೆ ಕೂಡಲೇ ತೆಗೆದೂಬಿಟ್ಟಳು. ಆದರೆ ಅಷ್ಟರಲ್ಲಿ ಅದು ಯಾರು ಯಾರದೋ ಸ್ಟೇಟಸ್ಸಿಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ತಿಂಗಳ ಮೇಲೆ ಒಂದು ಕ್ರೀಮಿನ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಏಳು ದಿನದಲ್ಲಿ ಭಂಗು ಮಾಯ ಎಂದು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಗೆ ಚಿತ್ರವನ್ನೂ ಸೇರಿಸಿಕೊಳ್ಳಬೇಕು.

ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದರು. ದೊಡ್ಡವಳು ಹೇಳಿದ್ದು: ‘ಕೇಳ್ದೇ ಹಾಕಿಲ್ಲ ಮಿಸ್. ಫೋಟೋ ಹಾಕ್ಕೊಳ್ಳಲಾ ಅಂತ ಕೇಳಿದೆ. ಹೂಂ ಅಂದ್ಲು. ಅಲ್ಲಿದ್ದೋರೆಲ್ಲ ಕೇಳಿಸ್ಕೊಂಡಿದ್ದಾರೆ.’ ಚಿಕ್ಕವಳು ಹೇಳಿದ್ದು: ‘ಹೂಂ ಅಂದಿದ್ದು ನಿಜ ಮಿಸ್. ಅರ್ಧ ಮುಖಕ್ಕೆ ಬಣ್ಣ ಹಾಕಿ ಆಗಿತ್ತು. ಮುಹೂರ್ತಕ್ಕೆ ಒಂದೂವರೆ ಗಂಟೆ ಇತ್ತು. ನಾನು ಬೇಡ ಅನ್ನೋಕಾಗತ್ತಾ?’

ಇಬ್ಬರ ಮಾತೂ ಸುಳ್ಳಲ್ಲ. ಇದೇ ನನ್ನ ಸಂಕಟ.

ನೋಡಿ, ನಮ್ಮ ಹೆಣ್ಣುಮಕ್ಕಳ ‘ಹೂಂ’ ಇದೆಯಲ್ಲ, ಅದರಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಬಳಿಗೆ ಬಂದು ನಕ್ಕು ಕೇಳಿದರೆ ಹೂಂ. ಹತ್ತು ಜನರ ಎದುರಿಗೆ ಕೇಳಿದರೆ ಹೂಂ. ಕತ್ತರಿ ಅವರ ಕೈಯಲ್ಲಿದ್ದು ನಮ್ಮ ಕೂದಲು ಅರ್ಧ ಕತ್ತರಿಸಿರುವಾಗ ಕೇಳಿದರಂತೂ ಹೂಂ ಅಲ್ಲದೆ ಮತ್ತೇನು? ದಾಕ್ಷಿಣ್ಯ ಎಂಬ ಒಂದು ಗುಣವನ್ನು ನಮಗೆ ತೊಟ್ಟಿಲಲ್ಲೇ ಕುಡಿಸಿರುತ್ತಾರೆ. ಕೇಳುವವರಿಗೆ ಇದು ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೇ ಆ ಹೊತ್ತನ್ನು ಆರಿಸಿಕೊಳ್ಳುತ್ತಾರೆ ಎಂದೂ ಅಲ್ಲ. ಅವರಿಗೆ ಅನುಕೂಲವಾದ ಹೊತ್ತು ನಮಗೆ ಅನನುಕೂಲದ ಹೊತ್ತು ಎಂದು ಯಾರೂ ಯೋಚಿಸಿರುವುದಿಲ್ಲ, ಅಷ್ಟೆ.

ಕಾನೂನು ಎಂದರೆ ಒಣ ಕಟ್ಟಿಗೆ ಎಂದು ನನಗೊಂದು ಭಾವನೆಯಿತ್ತು. ಅಣ್ಣ ತೋರಿಸಿದ ಎರಡು ಸಂಗತಿಗಳು ಅದನ್ನು ಸ್ವಲ್ಪ ಬದಲಿಸಿದವು. ಮೊದಲನೆಯದು ಬ್ರಿಟಿಷರ ಕಾಲದ, 1872ರ ಕರಾರು ಕಾಯಿದೆ. ಒಪ್ಪಿಗೆ ಎಂದರೆ ಇಬ್ಬರು ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪುವುದು ಎನ್ನುತ್ತದೆ ಅದು. ಒಂದೇ ಅರ್ಥದಲ್ಲಿ! ಚಿಕ್ಕವಳು ಹೂಂ ಅಂದದ್ದು ಜಡೆಬಿಲ್ಲೆ, ಬೈತಲೆಬೊಟ್ಟು ಇಟ್ಟುಕೊಂಡು ಅರಳಿದ ಮುಖಕ್ಕೆ. ದೊಡ್ಡವಳು ಕೇಳಿಸಿಕೊಂಡದ್ದು ಟ್ಯೂಬ್‌ಲೈಟಿನ ಮುಖಕ್ಕೂ ಸೇರಿದ ಹೂಂ. ಪದ ಒಂದೇ, ಅರ್ಥ ಎರಡು. ಅದೇ ಕಾಯಿದೆ ಇನ್ನೊಂದು ಮಾತು ಹೇಳುತ್ತದೆ, ಒಪ್ಪಿಗೆ ಸ್ವತಂತ್ರವಾಗಿರಬೇಕು ಎಂದು. ಬಲವಂತದಿಂದ, ಅನುಚಿತ ಪ್ರಭಾವದಿಂದ, ಮೋಸದಿಂದ ಬಂದ ಒಪ್ಪಿಗೆ ಸ್ವತಂತ್ರವಲ್ಲ. ಮುಹೂರ್ತದ ಗಡಿಬಿಡಿಯನ್ನು ಬಲವಂತ ಎನ್ನಲಾಗದು, ಯಾವ ಕೋರ್ಟೂ ಎನ್ನಲಾರದು. ಆದರೂ ಅದು ಸ್ವಾತಂತ್ರ್ಯವಲ್ಲ ಎಂದು ನಮ್ಮ ನಿಮ್ಮಂಥವರಿಗೆ ಗೊತ್ತು.

ಎರಡನೆಯದು ತೀರ ಹೊಸದು. ಟ್ಯೂಷನ್ ಸಂಸ್ಥೆಗಳ ಜಾಹೀರಾತುಗಳನ್ನು ನೀವು ನೋಡಿಯೇ ಇರುತ್ತೀರಿ. ರ್‍ಯಾಂಕು ಪಡೆದ ಮಕ್ಕಳ ಮುಖಗಳನ್ನು ಅಂಚೆ ಚೀಟಿಯ ಹಾಗೆ ಸಾಲಾಗಿ ಅಂಟಿಸಿರುತ್ತಾರೆ. ಒಂದೇ ಮಗು ಎರಡು ಮೂರು ಸಂಸ್ಥೆಗಳ ಜಾಹೀರಾತಿನಲ್ಲಿ ನಗುತ್ತಿರುವುದೂ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2024ರ ನವೆಂಬರ್ 13ರಂದು ಇಂಥ ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ಮಾರ್ಗಸೂಚಿ ಹೊರಡಿಸಿದರು. ವಿದ್ಯಾರ್ಥಿಯ ಹೆಸರು, ಚಿತ್ರ, ಹೊಗಳಿಕೆಯ ಮಾತು ಬಳಸಬೇಕಾದರೆ ಬರವಣಿಗೆಯ ಒಪ್ಪಿಗೆ ಬೇಕು. ಇಷ್ಟಾದರೆ ಹೊಸದೇನೂ ಅಲ್ಲ. ಆ ಒಪ್ಪಿಗೆಯನ್ನು ವಿದ್ಯಾರ್ಥಿ ಉತ್ತೀರ್ಣನಾಗಿ ಆಯ್ಕೆಯಾದ ಮೇಲೆಯೇ ಪಡೆಯಬೇಕು, ಸೇರುವಾಗಲೇ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು ಹೇಳಿದ್ದಾರೆ, ಅದು ಹೊಸದು. ಪ್ರವೇಶ ಬೇಡುತ್ತ ಬಾಗಿಲಲ್ಲಿ ನಿಂತ ಹುಡುಗ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ. ಅವನಿಗೆ ಇನ್ನು ಸಂಸ್ಥೆಯಿಂದ ಏನೂ ಬೇಕಾಗಿಲ್ಲದ ಹೊತ್ತಿನಲ್ಲಿ ಕೇಳಿ, ಆಗ ಬರುವುದೇ ನಿಜವಾದ ಉತ್ತರ. ಇದನ್ನು ಬರೆದ ಅಧಿಕಾರಿ ಯಾರೋ ಕಾಣೆ, ಅವರಿಗೆ ಮನುಷ್ಯರ ಕಷ್ಟ ಗೊತ್ತಿದೆ.

ಈ ನಿಯಮ ಕೋಚಿಂಗಿನವರಿಗೆ ಮಾತ್ರ. ಪಾರ್ಲರಿಗೂ ಇದೇ ರೀತಿ ಮಾಡಬಾರದೇ ಎನಿಸಿ ನಾನು ದೊಡ್ಡವಳಿಗೆ ಹೇಳಿದೆ: ‘ಮದುವೆ ಎಲ್ಲ ಮುಗಿದು, ದುಡ್ಡು ಕಾಸಿನ ಲೆಕ್ಕ ಚುಕ್ತಾ ಆದ ಮೇಲೆ ಕೇಳಮ್ಮ. ಎರಡು ಫೋಟೋನೂ ತೋರಿಸಿ ಕೇಳು.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗೆ ಕೇಳಿದರೆ ಅರ್ಧ ಜನ ಬೇಡ ಅಂತಾರೆ ಮಿಸ್’ ಎಂದಳು.

ಅವಳನ್ನು ನಾನು ಗದರಲಿಲ್ಲ. ಗದರುವುದು ಸುಲಭ. ಪತ್ರಿಕೆಯಲ್ಲಿ ಅರ್ಧ ಪುಟ ಜಾಹೀರಾತು ಕೊಡುವ ದೊಡ್ಡ ಕಂಪನಿಗೆ ಚಿತ್ರನಟಿಯ ಮುಖವನ್ನು ಕೊಳ್ಳುವ ತಾಕತ್ತಿದೆ. ಅಲ್ಲಿ ಕರಾರು ಪತ್ರವಿದೆ, ಸಂಭಾವನೆಯಿದೆ, ಎರಡೂ ಕಡೆಗೆ ವಕೀಲರಿದ್ದಾರೆ. ಇವಳಿಗೆ ಇರುವುದು ಹತ್ತು ಬೆರಳು ಮತ್ತು ಆ ಬೆರಳಿನ ಕೆಲಸಕ್ಕೆ ಸಾಕ್ಷಿಯಾದ ನಾಲ್ಕು ಚಿತ್ರ. ತನ್ನ ಕೆಲಸವನ್ನು ತನ್ನದೆಂದು ತೋರಿಸಿಕೊಳ್ಳುವ ಹಕ್ಕು ಇವಳಿಗೂ ಇಲ್ಲವೇ? ಬಡಗಿ ಮಾಡಿದ ಬಾಗಿಲನ್ನು ಹತ್ತು ಜನರಿಗೆ ತೋರಿಸಬಹುದು, ಬಾಗಿಲಿಗೆ ಬೇಸರವಿಲ್ಲ. ಇವಳು ಮಾಡಿದ ಕೆಲಸ ಇನ್ನೊಬ್ಬರ ಮೈಮೇಲೆಯೇ ಇದೆ. ಕೆಲಸ ಇವಳದು, ಮುಖ ಅವಳದು. ಎರಡನ್ನೂ ಬಿಡಿಸಿ ಬೇರೆ ಬೇರೆ ತಟ್ಟೆಗೆ ಬಡಿಸಲು ಬರುವುದಿಲ್ಲ. ಹಾಗಿದ್ದೂ ನಾನು ಮುಖದವಳ ಪಕ್ಷವೇ. ಅರ್ಧ ಜನ ಬೇಡ ಎನ್ನುತ್ತಾರೆ ಎಂದರೆ, ಇಷ್ಟು ದಿನ ಆ ಅರ್ಧ ಜನರ ಬೇಡವನ್ನು ನಾವು ಹೂಂ ಎಂದು ಬರೆದುಕೊಂಡಿದ್ದೆವು ಎಂದಲ್ಲವೇ? ಕೈಯನ್ನೋ ಜಡೆಯನ್ನೋ ಕಣ್ಣಿನ ಅಲಂಕಾರವನ್ನೋ ಮಾತ್ರ ಹಾಕು, ‘ಮೊದಲು’ ಎಂಬುದನ್ನು ಹಾಕಲೇಬೇಡ ಎಂದೆ. ‘ಮೊದಲು ಇಲ್ದೇ ಇದ್ರೆ ನಂತರಕ್ಕೆ ಏನು ಬೆಲೆ ಮಿಸ್’ ಎಂದು ನಕ್ಕಳು. ಆ ನಗುವಿನಲ್ಲಿ ವ್ಯಾಪಾರವೂ ಇತ್ತು, ದುಃಖವೂ ಇತ್ತು.

ಕ್ರೀಮಿನವರ ಮಾತು ಬೇರೆ. ಅಲ್ಲಿ ಧರ್ಮಸಂಕಟವೇನೂ ಇಲ್ಲ, ಬರೀ ಅಧರ್ಮ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೊಗಳಿ ಮುಖ ತೋರಿಸಿದವರೂ ಅದರಿಂದ ಪಾರಾಗುವುದಿಲ್ಲ. ಅಂಗಡಿಯವರು ಪುಕ್ಕಟೆ ಕೊಟ್ಟ ಸೀರೆ ಉಟ್ಟು ‘ನನಗೆ ಬಹಳ ಹಿಡಿಸಿತು ಕಣ್ರೇ’ ಎಂದು ಮೊಬೈಲಿನಲ್ಲಿ ಹೇಳುವ ನಮ್ಮ ಗೆಳತಿಯರು ಇದನ್ನು ತಿಳಿದಿರುವುದು ಒಳ್ಳೆಯದು. ಇದು ಜಾಹೀರಾತು ಎಂದು, ಹೊಗಳಿದ ಭಾಷೆಯಲ್ಲೇ ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ತಿಳಿಸಿದೆ. ಕನ್ನಡದಲ್ಲಿ ಹೊಗಳಿ, ಕೆಳಗೆಲ್ಲೋ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ನಿಜ ಹೇಳಿದರೆ ನಡೆಯದು. ಚಿಕ್ಕವಳು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಬರೆದು ಕ್ರೀಮಿನ ಜಾಹೀರಾತನ್ನು ತೆಗೆಸಿದಳು. ಅಂಥ ಅಧಿಕಾರಿ ಇರಲೇಬೇಕೆಂದು 2021ರ ನಿಯಮಗಳೇ ಹೇಳುತ್ತವೆ. ಇನ್ನೆಷ್ಟು ಕಡೆ ಉಳಿದಿದೆಯೋ, ಅದನ್ನು ಹುಡುಕುವುದನ್ನು ಅವಳು ಬಿಟ್ಟಿದ್ದಾಳೆ.

ಒಪ್ಪಿಗೆಯ ಮಾತೇ ಬಾರದ ಇನ್ನೊಂದು ಬಗೆಯೂ ಉಂಟು, ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುತ್ತದೆ. ಬಟ್ಟೆ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಹೆಂಗಸಿನ ಚಿತ್ರವನ್ನು ‘ಈ ಕಳ್ಳಿಯ ಬಗ್ಗೆ ಎಚ್ಚರ’ ಎಂದು ಊರಿನ ಗುಂಪುಗಳಿಗೆಲ್ಲ ಕಳಿಸಿಬಿಡುವುದು. ಕಳೆದ ವರ್ಷ ನನಗೂ ಅಂಥದೊಂದು ಬಂತು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬ ಹೆಂಗಸು, ಮಸುಕು ಚಿತ್ರ. ಅವಳು ಕದ್ದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕಳಿಸಿದವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೂ ಗೊತ್ತಿರಲಾರದು. ಮೊದಲು ಭಾರತೀಯ ದಂಡ ಸಂಹಿತೆಯ 499ನೆಯ ಕಲಂ ಆಗಿದ್ದ ಮಾನನಷ್ಟ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಆಗಿದೆ. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ, ಇಲ್ಲವೆ ಸಮಾಜಸೇವೆ. ಕೇವಲ ನಿಜ ಎಂದು ತೋರಿಸಿದರೂ ಅಲ್ಲಿ ಸಾಲದು. ಅದನ್ನು ಸಾರುವುದು ಲೋಕಹಿತಕ್ಕೆ ಬೇಕಾಗಿತ್ತು ಎಂದೂ ತೋರಿಸಬೇಕಾಗುತ್ತದೆ. ಕಳವಾಗಿದ್ದರೆ ಪೊಲೀಸರಿದ್ದಾರೆ. ಎಂಟುನೂರು ರೂಪಾಯಿಯ ಟಾಪಿಗಾಗಿ ಒಬ್ಬಳ ಮುಖವನ್ನು ಎಂಟು ಸಾವಿರ ಜನರಿಗೆ ಹಂಚುವುದು ಯಾವ ತಕ್ಕಡಿಯ ನ್ಯಾಯ? ಆ ಸೊಂಟದ ಮಗು ಮುಂದೆ ನಮ್ಮ ಶಾಲೆಗೇ ಬರಬಹುದು.

ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ, ಖಾಸಗಿ ಶಾಲೆಗಳಿಗೂ ಈಗ ಮಕ್ಕಳ ಮುಖವೇ ಬಂಡವಾಳ. ದಾಖಲಾತಿಯ ಅರ್ಜಿಯಲ್ಲಿ ರಕ್ತದ ಗುಂಪು, ಬಸ್ಸಿನ ನಿಲ್ದಾಣಗಳ ನಡುವೆ ಎಲ್ಲೋ ಒಂದು ಸಾಲು, ಮಗುವಿನ ಚಿತ್ರವನ್ನು ಪ್ರಚಾರಕ್ಕೆ ಬಳಸಲು ಒಪ್ಪಿದ್ದೇವೆ ಎಂದು. ಸೀಟು ಸಿಕ್ಕಿದರೆ ಸಾಕೆಂದು ನಿಂತ ತಂದೆತಾಯಿ ಸಹಿ ಹಾಕುತ್ತಾರೆ. ವ್ಯಕ್ತಿಗಳ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಆದ, ಹಂತಹಂತವಾಗಿ ಜಾರಿಗೆ ತರಲಾಗುತ್ತಿರುವ ಕಾಯಿದೆ 18 ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಕೊಟ್ಟಷ್ಟೇ ಸುಲಭವಾಗಿ ಪಡೆಯುವಂತಿರಬೇಕು ಎಂದೂ ಹೇಳುತ್ತದೆ. ಒಳ್ಳೆಯದೇ. ತಂದೆತಾಯಿಯ ಹೂಂ ಮಗುವಿನ ಹೂಂ ಆದೀತೇ ಎನ್ನುವುದು ಮಾತ್ರ ಕಾಯಿದೆಗೆ ನಿಲುಕುವ ಮಾತಲ್ಲ. ಮಗುವಿಗೆ ಹತ್ತು ವರ್ಷವಾದ ಮೇಲೆ ಅದನ್ನೇ ಒಂದು ಮಾತು ಕೇಳಿದರೆ ಏನು ಗಂಟು ಹೋಗುತ್ತದೆ?

ನಮ್ಮದು ಸರ್ಕಾರಿ ಶಾಲೆ, ಪ್ರಚಾರದ ಹಂಗಿಲ್ಲ. ಆದರೂ ಕಳೆದ ಸಲ ಪ್ರತಿಭಾ ಕಾರಂಜಿಗೆ ಮಕ್ಕಳು ವೇಷ ಹಾಕಿಕೊಂಡು ನಿಂತಾಗ, ಬಹುಮಾನಗಳ ಖರ್ಚು ವಹಿಸಿಕೊಂಡಿದ್ದ ಅಂಗಡಿಯವರೊಬ್ಬರು ತಮ್ಮ ಪುಟಕ್ಕೆ ಹಾಕಲು ಚಿತ್ರ ತೆಗೆಯಲು ಬಂದರು. ಏಳನೇ ತರಗತಿಯ ಒಬ್ಬಳು, ಕಿತ್ತೂರು ಚೆನ್ನಮ್ಮನ ವೇಷದವಳು, ಕೈಯಲ್ಲಿ ರಟ್ಟಿನ ಕತ್ತಿ ಹಿಡಿದುಕೊಂಡೇ ಕೇಳಿದಳು: ‘ಅಂಕಲ್, ಇದನ್ನ ಎಲ್ಲಿಗೆ ಹಾಕ್ತೀರಿ?’ ಅವರು ನಕ್ಕು, ತಮ್ಮ ಅಂಗಡಿಯ ಹೆಸರು ಹೇಳಿದರು. ಎಲ್ಲರೂ ನಕ್ಕರು. ಹುಡುಗಿ ಒಂದು ಕ್ಷಣ ಯೋಚಿಸಿ, ‘ಹಂಗಾದ್ರೆ ನಾನು ಈ ಕಡೆ ನಿಲ್ತೀನಿ ಮಿಸ್’ ಎಂದು ನನ್ನ ಪಕ್ಕಕ್ಕೆ ಬಂದು ನಿಂತುಬಿಟ್ಟಳು. ಆ ಚಿತ್ರ ಅವರ ಪುಟದಲ್ಲಿದೆ. ಅದರ ಅಂಚಿನಲ್ಲಿ ರಟ್ಟಿನ ಕತ್ತಿಯ ತುದಿ ಮಾತ್ರ ಕಾಣುತ್ತದೆ.